ಹೊರಸಿನ ಮೇಲಿನ ಅಪಘಾತ

ಗಜೇಂದ್ರಗಡದ ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪನವರಿಗೆ ಅರವತ್ತೆರಡು ವರ್ಷಗಳಲ್ಲಿ ಯಾರೂ "ತಪ್ಪು ನಿಮ್ಮದು" ಎಂದು ಬರೆದು ಕಳಿಸಿರಲಿಲ್ಲ. (ಬಾಯಿಂದ ಹೇಳುವವರು ಮನೆಯಲ್ಲೇ ಇದ್ದರು, ಅದು ಲೆಕ್ಕಕ್ಕಿಲ್ಲ.) ಈಗ ವಿಮಾ ಕಂಪನಿಯವರು ಬರೆದೇಬಿಟ್ಟಿದ್ದರು. ರಾಜೂರಿನ ರಸ್ತೆಯಲ್ಲಿ ಅವರ ಕಾರು ಎದುರಿನಿಂದ ಬಂದ, ಅದೇ ಊರಿನ ಸಾಜೀದನ ಮೂರು ಗಾಲಿಯ ಟಂಟಂಗೆ ಗುದ್ದಿದ್ದರಲ್ಲಿ ತಪ್ಪು ಕಾರಿನವರದೇ ಎಂದು ಕಾಣುತ್ತದೆ. ಒಪ್ಪದಿದ್ದರೆ ಸರ್ವೇಯರ್ ಬಂದು ವಿಚಾರಿಸುವರು.

"ಕಾಣತೈತಂತ! ಹುಬ್ಬಳ್ಳ್ಯಾಗ ಕುಂತವ್ರಿಗೆ ರಾಜೂರ ರಸ್ತೆ ಹ್ಯಾಂಗ ಕಾಣತೈತಿ?" ಎಂದು ಅವರು ಪಡಸಾಲೆಯಲ್ಲಿ ಗುಡುಗಿದರು.

ಹೆಂಡತಿ ಕಲ್ಲವ್ವ ಒಳಗೆ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು: "ಸಾಹೇಬ್ರು ಬರಲಿ. ತಪ್ಪು ಸಾಜೀದಂದು ಅಂದ್ರ ನಾ ಬಾಯಿ ಮುಚ್ಚಗೊಂಡಿರ್ತೇನಿ. ನಿಮ್ದು ಅಂದ್ರ ಕಾರಿನ ಕೀಲಿಕೈ ನನ್ನ ನಡದಾಗ ಇರ್ತೈತಿ."

ಅರವತ್ತಕ್ಕೆ ಕಾರು ಕಲಿತವರಿಗೆ ಕೀಲಿಕೈ ಎಂದರೆ ಕಿರೀಟ. ಪ್ರಭುಲಿಂಗಪ್ಪನವರು ಅದಿದ್ದ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಸಾಜೀದನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಅಂದು ಅವನು ತನ್ನ ಟಂಟಂನ ಒಡೆದ ದೀಪವನ್ನು ತಿರುಗಿಯೂ ನೋಡದೆ, ಕಾರಿನಿಂದ ಕಲ್ಲವ್ವನನ್ನು ಇಳಿಸಿ, ನೀರು ಕುಡಿಸಿ, ಹಣೆಗೆ ತನ್ನ ಟವೆಲ್ಲು ಕಟ್ಟಿ, ದವಾಖಾನೆಗೆ ಒಯ್ದು, ಮನೆಗೂ ಮುಟ್ಟಿಸಿದ್ದ. ಆ ಉಪಕಾರ ನೆನೆದರೆ ಪ್ರಭುಲಿಂಗಪ್ಪನವರ ಕಣ್ಣು ತೇವವಾಗುತ್ತಿತ್ತು. ತೇವವಾದ ಕಣ್ಣಿನಿಂದಲೇ "ಸದರಿ ಟಂಟಂ ಚಾಲಕನು ರಾಕ್ಷಸವೇಗದಿಂದ ಬಂದು" ಎಂದು ಕಂಪನಿಗೆ ಮೂರು ಪುಟ ಬರೆದಿದ್ದರು. ಬರೆದು, ಅದೇ ಸಂಜೆ ಅವನ ಮನೆಗೆ ಐದು ಸೇರು ಕಡಲೆ ಕಳಿಸಿದ್ದರು.

ಸರ್ವೇಯರ್ ಬಂದ ದಿನ ಸಾಜೀದನೂ ಬಂದು ಕಟ್ಟೆಯ ತುದಿಗೆ ಕುಳಿತು, ಅವರು ಓದಿದ ಮೂರು ಪುಟವನ್ನೂ ಕೇಳಿದ.

"ಸಾವ್ಕಾರ್ರ, ನಾ ರಾಕ್ಷಸ ಏನ್ರಿ?"

"ಏ, ನೀ ದೇವ್ರಂಥಾವ ಅದೀಯೋ. ವೇಗ ಅಷ್ಟ ರಾಕ್ಷಸಂದು."

"ಹತ್ತು ಚೀಲ ಉಳ್ಳಾಗಡ್ಡಿ ಹೇರಿದ್ದೆರಿ. ನಡಕೊಂಡು ಹೋಗಾವ್ರು ನನ್ನ ಹಿಂದ ಹಾಕಿ ಹೊಂಟಿದ್ರು."

ಸರ್ವೇಯರ್ ನಕ್ಕು, "ಮಾತು ಸಾಕು. ನಡೆದದ್ದನ್ನ ನಡೆದಂಗ ಮಾಡಿ ತೋರಸ್ರಿ, ಸಾವ್ಕಾರ್ರ" ಎಂದರು.

ಪ್ರಭುಲಿಂಗಪ್ಪನವರಿಗೆ ಬೇಕಾದದ್ದೂ ಅದೇ. ಮಲಗುವ ಹಗ್ಗದ ಹೊರಸು ಕಾರಾಯಿತು. ಕಾಳಿನ ಜರಡಿ ಸ್ಟೇರಿಂಗ್ ಆಯಿತು. ಕಲ್ಲವ್ವ ಎಡಕ್ಕೆ ಕುಳಿತಳು.

"ಆನಿ ನಡದಂಗ ನಡದಿತ್ತರಿ ಗಾಡಿ. ರಾಜೂರ ದಾಟಿದ್ವಿ. ಬಲಕ ದುರಗಪ್ಪನ ಹೊಲ ಬಂತು. ಏನ್ ಕಡ್ಲಿರಿ, ಸಾಹೇಬ್ರ!" ಕಾಳಿನ ವ್ಯಾಪಾರಿಗೆ ಬೆಳೆ ಕಂಡರೆ ಕಣ್ಣು ನಿಲ್ಲುವುದುಂಟೇ? ಅವರು ಪೂರ್ತಿ ಬಲಕ್ಕೆ ತಿರುಗಿದರು. ಅವರ ಸಂಗಡ ಜರಡಿಯೂ ಬಲಕ್ಕೆ ತಿರುಗಿತು. "ಎಕರೆಕ ಎಷ್ಟು ಚೀಲ ಬಂದೀತು ಅಂತ ಸಾಲು ಎಣಸಾಕ ಹತ್ತಿದೆ."

ಸರ್ವೇಯರ್ ಮೆಲ್ಲಗೆ ಪೆನ್ನು ತೆಗೆದರು. "ಎಷ್ಟು ಸಾಲು ಎಣಿಸಿದ್ರಿ?"

"ಹದಿನಾಲ್ಕು! ಅಷ್ಟರಾಗ ಇಕಿ ಚೀರಿದ್ಲು. ನಾ ಏನ್ ಸುಮ್ನ ಕುಂತೆನೇನು? 'ಹೋ! ಹೋ!' ಅಂದವನ ಜಗ್ಗಿದೆ!"

ಜರಡಿಯನ್ನು ಎದೆಗೆ ಎಳೆದುಕೊಂಡು ಹಿಂದಕ್ಕೆ ವಾಲಿದರು. ಮೂವತ್ತು ವರ್ಷ ಬಂಡಿ ಹೊಡೆದ ಕೈ; ಹಗ್ಗ ಜಗ್ಗಿದರೆ ಎತ್ತುಗಳು ನಿಲ್ಲುತ್ತಿದ್ದವು. (ಕಾರಿಗೆ ಆ ಸಂಸ್ಕಾರವಿರಲಿಲ್ಲ.) ಹೊರಸಿಗೂ ಇರಲಿಲ್ಲ. ಅದರ ಹಗ್ಗ ಪಟಪಟನೆ ಹರಿದು ದಂಪತಿಗಳು ನೆಲ ಕಂಡರು. ಈ ಸಲವೂ ಓಡಿಬಂದು ಎಬ್ಬಿಸಿದವನು ಸಾಜೀದನೇ. ಈ ಸಲವೂ ಮೊದಲು ಕಲ್ಲವ್ವನನ್ನು.

"ಬ್ರೇಕು?" ಎಂದರು ಸರ್ವೇಯರ್.

"ಬ್ರೇಕು… ನೆನಪಾತ್ರಿ. ಗುದ್ದಿದ ಮ್ಯಾಲ."

ಹೇಳಿದ ಮೇಲೆಯೇ ಅವರ ಕಿವಿಗೆ ಅವರ ಮಾತು ಕೇಳಿಸಿತು.

"ಇಪ್ಪತ್ತು ವರ್ಷ ಈ ನೌಕರಿ ಮಾಡೇನಿ. ತಮ್ಮ ತಪ್ಪನ್ನ ಇಷ್ಟು ಚಂದ ತೋರಿಸಿದವ್ರನ್ನ ನೋಡಿಲ್ಲ" ಎಂದು ಸರ್ವೇಯರ್ ಕೈ ಮುಗಿದು ಹೊರಟರು.

ಕಲ್ಲವ್ವ ಸೀರೆ ಝಾಡಿಸಿ ಅಂಗೈ ಚಾಚಿದಳು. ಕಿರೀಟ ಕೈಬಿಟ್ಟಿತು.

"ಸಾಜೀದಾ, ಆ ಮೂರು ಪುಟ ನನ್ನ ಹೊಟ್ಟಿಗೆ ಹಾಕ್ಕೋಪಾ" ಎಂದರು ಪ್ರಭುಲಿಂಗಪ್ಪ.

"ನಿಮ್ಮ ಹೊಟ್ಟಿಗ್ಯಾಕ್ರಿ, ನನ್ನ ಹೊಟ್ಟಿಗೆ ಹಾಕ್ಕೊಂಡೇನಿ. ಕಡ್ಲಿ ಭಾಳ ಚಲೋ ಇದ್ವು."

ಮುಂದಿನ ವಾರ ಮುಶಿಗೇರಿಯ ಬೀಗರ ಮನೆಗೆ ಹೊರಟಾಗ, ಟಂಟಂಗೆ ಬಾಡಿಗೆಯಿಲ್ಲದ ಸಾಜೀದನ ಕೈಗೆ ಕಲ್ಲವ್ವ ಕೀಲಿಕೈ ಕೊಟ್ಟು ತಾನು ಮುಂದೆ ಕುಳಿತಳು. ಯಜಮಾನರು ಹಿಂದೆ. ಮುಖ ಗಂಟಿಕ್ಕಿಕೊಂಡೇ ಊರು ದಾಟಿದರು. ಆಮೇಲೆ ಬಿಳಿಜೋಳ ಬಂತು, ಕುಸುಬಿ ಬಂತು. ಎರಡು ವರ್ಷ ಕಳ್ಳನ ಹಾಗೆ ಕದ್ದು ನೋಡಿದ ಸೀಮೆಯನ್ನು ಅಂದು ಗಾಜು ಇಳಿಸಿ, ಮೊಣಕೈ ಚಾಚಿ, ಕಣ್ತುಂಬ ನೋಡಿದರು.

"ಏನಽ ಅನ್ನು, ಕಂಪನಿಯವ್ರು ಭಾಳ ದೊಡ್ಡ ಉಪಕಾರ ಮಾಡಿದ್ರು ನೋಡು" ಎಂದರು.

"ಕಂಪನಿ ದೂರ ಐತಿ" ಎಂದಳು ಕಲ್ಲವ್ವ. "ಉಪಕಾರ ಮಾಡಿದಾವ ಇಲ್ಲೇ ಕುಂತಾನ. ಅವಂಗ ಹೇಳ್ರಿ."

ಪ್ರಭುಲಿಂಗಪ್ಪ ಬಾಯಿ ತೆರೆದರು. ಹೊರಟದ್ದು ಇಷ್ಟೇ:

"ಸಾಜೀದಾ… ಸ್ವಲ್ಪ ಹಗೂರ ಹೊಡಿಯೋ. ಈ ಜ್ವಾಳಾ ನಾ ಇನ್ನೂ ಪೂರಾ ನೋಡಿಲ್ಲ."

ಸಾಜೀದ ಬ್ರೇಕು ಒತ್ತಿದ. ಕಾರು ನಿಂತೇಬಿಟ್ಟಿತು.