ಒಂದು ಹಿಡಿ ಒಣಮೆಣಸಿನಕಾಯಿ ಹಾಗೂ ವ್ಯವಹಾರ ನೀತಿ ಪರೀಕ್ಷೆಯ ಪೂರ್ವಸಿದ್ಧತೆ ಕುರಿತು

ಹಾವೇರಿ–ರಾಣೆಬೆನ್ನೂರು–ಬ್ಯಾಡಗಿ ಜಂಟಿ ಪರೀಕ್ಷಾ ಪೂರ್ವಸಿದ್ಧತಾ ಕೋಶ
ಶಿಬಿರ ಕಚೇರಿ: ಬ್ಯಾಡಗಿ

ಸಂಖ್ಯೆ: ಪಪೂಕೋ/ವ್ಯನೀ/ಹಿಡಿ/1/2007-08
ದಿನಾಂಕ: 10-3-2008

ಸುತ್ತೋಲೆ

ವಿಷಯ: ನಾಲ್ಕನೇ ಸೆಮಿಸ್ಟರಿನ ‘ವ್ಯವಹಾರ ನೀತಿ’ ಪತ್ರಿಕೆಗೆ ಓದುವಾಗ ವಿದ್ಯಾರ್ಥಿಗಳು ಪಾಲಿಸಬೇಕಾದ ನೀತಿ ಹಾಗೂ ಓದಿಸುವವರು ಪಾಲಿಸಬೇಕಾಗಿದ್ದ ನೀತಿಯ ಬಗ್ಗೆ.

ಉಲ್ಲೇಖ:
1. ದಿನಾಂಕ 21-2-2008ರ ಗುರುವಾರದ ಮಾರುಕಟ್ಟೆ ಭೇಟಿ.
2. ಕುಮಾರಿ ಕಾವ್ಯಾ, ಮೋಟೆಬೆನ್ನೂರು, ಇವರ ಉತ್ತರಪತ್ರಿಕೆ.
3. ಸದರಿಯವರ ತಾಯಿ ಶ್ರೀಮತಿ ಕರೆವ್ವ ಇವರ ಮೌಖಿಕ ಹೇಳಿಕೆ.
4. ಕೆಳಗೆ ಸಹಿ ಮಾಡಿರುವವರ ಅಡುಗೆಮನೆಯಿಂದ ಓಣಿಗೆಲ್ಲ ಹಬ್ಬಿದ ಘಾಟು.

ಪ್ರಸ್ತಾವನೆ:

ಸದರಿ ಪತ್ರಿಕೆಗೆ ನಾಲ್ಕು ಕ್ರೆಡಿಟ್ ನಿಗದಿಯಾಗಿದ್ದು, ಇಪ್ಪತ್ತು ಆಂತರಿಕ ಅಂಕಗಳನ್ನು ಮಾರುಕಟ್ಟೆ ಭೇಟಿಗೆ ಮೀಸಲಿಡಲಾಗಿದೆ. ಈ ಅಂಕ ಇಲ್ಲದವರಿಗೆ ಪ್ರವೇಶಪತ್ರ ಇಲ್ಲ. ಪ್ರವೇಶಪತ್ರ ಇಲ್ಲದವರಿಗೆ ಒಂದು ವರ್ಷ ಹೋಯಿತೆಂದೇ ತಿಳಿಯತಕ್ಕದ್ದು. ಅದರಂತೆ ಮೂವತ್ತೆಂಟು ವಿದ್ಯಾರ್ಥಿಗಳನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕರೆದೊಯ್ದು, ಅಗಡಿಯ ರೈತ ಶ್ರೀ ಡಾಕಪ್ಪ ಇವರ ರಾಶಿಯ ಮುಂದೆ ನಿಲ್ಲಿಸಲಾಯಿತು. ಆ ರಾಶಿಯನ್ನೇ ಆರಿಸಿಕೊಳ್ಳಲು ಕಾರಣ, ಅದು ನೆರಳಿನಲ್ಲಿತ್ತು. ಡಾಕಪ್ಪ ಚಹಾ ಕುಡಿಯಲು ಹೋಗಿದ್ದರು.

ಪೇಟೆಯಲ್ಲಿ ಕೊಳ್ಳುವವರು ರಾಶಿಗೆ ಕೈಹಾಕಿ, ಒಂದು ಹಿಡಿ ತೆಗೆದು, ಬಣ್ಣ ನೋಡಿ, ಮೂಸಿ, ಮುರಿದು ಪರೀಕ್ಷಿಸುವುದು ರೂಢಿ. ಆ ಹಿಡಿ ಮತ್ತೆ ರಾಶಿಗೆ ಮರಳುವುದು ಮಾತ್ರ ಅಪರೂಪ. ಕೆಳಗೆ ಸಹಿ ಮಾಡಿರುವವರು (ಇನ್ನು ಮುಂದೆ ‘ಸಹಿದಾರರು’) ಇದನ್ನು ಪ್ರಾಯೋಗಿಕವಾಗಿ ಕಲಿಸುವ ಉತ್ಸಾಹದಲ್ಲಿ, “ಎಲ್ಲಾರೂ ಒಂದೊಂದ ಹಿಡಿ ತಗೋರಿ, ಹೊಳ್ಳಿ ಬರೂಮುಂದ ನನ್ನ ಕಡೆ ಜಮಾ ಮಾಡ್ರಿ” ಎಂದು ಆದೇಶಿಸಿರುತ್ತಾರೆ. ಮೂವತ್ತೇಳು ಮಂದಿ ಆದೇಶ ಪಾಲಿಸಿದರು. ಕು. ಕಾವ್ಯಾ ಮಾತ್ರ ಹಿಡಿಯನ್ನು ನೋಡಿ, ಮೂಸಿ, ರಾಶಿಗೇ ಹಾಕಿ, ಬರಿಗೈಯಲ್ಲಿ ಬಂದರು. ಜಮಾ ಆದ ಸಾಮಗ್ರಿಯನ್ನು ಜೋಪಾನವಾಗಿ ಇಡಲು ಕಚೇರಿಯಲ್ಲಿ ಕಪಾಟು ಇಲ್ಲದ ಕಾರಣ ಅದು ಸಹಿದಾರರ ಮನೆ ಸೇರಿತು.

ಮೇಲ್ಕಂಡ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರ ಗಮನಕ್ಕೆ ಕೆಳಕಂಡಂತೆ ತರಲಾಗಿದೆ:

1. ‘ಹಿಡಿ’ ಎಂದರೆ ಒಂದು ಕೈಯ ಐದು ಬೆರಳು ಮಡಚಿದಾಗ ಒಳಗೆ ನಿಲ್ಲುವಷ್ಟು ಕಾಯಿ. ಉಡಿ, ಓಢಣಿ, ಟೊಪ್ಪಿಗೆ, ಊಟದ ಡಬ್ಬಿ ಹಾಗೂ ಬೈಕಿನ ಡಿಕ್ಕಿಯನ್ನು ಹಿಡಿ ಎಂದು ಪರಿಗಣಿಸತಕ್ಕದ್ದಲ್ಲ.

2. ಒಂದು ಹಿಡಿ ಒಣಕಾಯಿ ಐವತ್ತು ಗ್ರಾಂ ದಾಟುವುದಿಲ್ಲ. ಆ ಪ್ರಕಾರ ಮೂವತ್ತೇಳು ಹಿಡಿಗೆ ಎರಡು ಕಿಲೋ ಕೂಡ ಆಗಬಾರದು. ಜಮಾ ಆದದ್ದು ಆರು ಕಿಲೋ. ವಿದ್ಯಾರ್ಥಿಗಳ ಮುಷ್ಟಿಗಳು ಪೇಟೆಯ ಗೇಟು ದಾಟಿದೊಡನೆ ಬೆಳೆಯುವುದು ಹೇಗೆಂಬ ಬಗ್ಗೆ ಜೀವಶಾಸ್ತ್ರ ವಿಭಾಗದ ಅಭಿಪ್ರಾಯ ಕೋರಲಾಗಿದೆ.

3. ರಾಶಿಯ ಬಳಿ ಸೀನು ಬಂದಲ್ಲಿ ಸೀನಬಹುದು. ಸತತ ಮೂರು ಸೀನುಗಳನ್ನು ಸರಕಿನ ಗುಣಮಟ್ಟದ ಬಗ್ಗೆ ಬರೆಯುವ ವರದಿಗೆ ಬದಲಾಗಿ ಸ್ವೀಕರಿಸಲಾಗುವುದಿಲ್ಲ.

4. ಚೀಟಿ ಇಟ್ಟುಕೊಂಡು ಬರೆಯುವುದು ಎಲ್ಲ ವಿಷಯಗಳಲ್ಲೂ ನಿಷಿದ್ಧ. ಆದರೂ ‘ಪ್ರಾಮಾಣಿಕತೆಯ ಲಕ್ಷಣಗಳು’ ಎಂಬ ಚೀಟಿಯನ್ನು ಕಾಲುಚೀಲದಲ್ಲಿ ಇಟ್ಟುಕೊಂಡು ಬರುವುದನ್ನು ಕಂಡು ಈ ಕಚೇರಿಗೆ ವಿಶೇಷ ನೋವಾಗಿದೆ. ಇನ್ನು ಮುಂದೆ ಆ ಒಂದು ಪ್ರಶ್ನೆಗಾದರೂ ಚೀಟಿ ತರತಕ್ಕದ್ದಲ್ಲ.

5. ಹಿಡಿ ಜಮಾ ಮಾಡದ ಕಾರಣಕ್ಕೆ ಕು. ಕಾವ್ಯಾ ಅವರಿಗೆ ಆಂತರಿಕ ಅಂಕದಲ್ಲಿ ಸೊನ್ನೆ ಹಾಕಿ, ಅವರ ಹೆಸರನ್ನು ಅನರ್ಹರ ಪಟ್ಟಿಯಲ್ಲಿ ಪ್ರಕಟಿಸಲಾಗಿತ್ತು. ಪಟ್ಟಿಯಲ್ಲಿ ಅದೊಂದೇ ಹೆಸರಿತ್ತು. ಎರಡು ದಿನಗಳ ನಂತರ, ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುವ ಶ್ರೀಮತಿ ಕರೆವ್ವ ಕಚೇರಿಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ನೀಡಿದ ಹೇಳಿಕೆಯನ್ನು ಅವರದೇ ಮಾತಿನಲ್ಲಿ ದಾಖಲಿಸಲಾಗಿದೆ:

“ದಿನಾ ಎಂಟ ತಾಸ ಕಾಯಿ ನಡುವ ಕುಂದರ್ತೇನ್ರೀ ಸರ. ಸಂಜಿಮುಂದ ಎದ್ದ ಕೂಡಲೆ ಸೀರಿ ಝಾಡಿಸಿ, ಉಡ್ಯಾಗ ಸಿಕ್ಕೊಂಡಿದ್ದ ಒಂದ ಕಾಯೀನೂ ರಾಶಿಗೆ ಒಗದ ಮನಿಗೆ ಹೊಕ್ಕೇನಿ. ಯಾರೂ ನೋಡಂಗಿಲ್ಲ, ಆದ್ರೂ ಝಾಡಿಸ್ತೇನಿ. ಮಗಳಿಗೂ ಅದನ್ನ ಕಲಿಸೇನಿ. ನಿಮ್ಮ ಪುಸ್ತಕದಾಗ ಬ್ಯಾರೆ ಬರದಿತ್ತಂದ್ರ ತೋರಸ್ರಿ. ನನಗ ಓದಾಕ ಬರಂಗಿಲ್ಲ, ನೀವ ಓದಿ ಹೇಳ್ರಿ.”

ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಲಾಯಿತು. ಬೇರೆ ಬರೆದದ್ದು ಕಂಡುಬಂದಿಲ್ಲ. ಶ್ರೀಮತಿ ಕರೆವ್ವ ಹೋದ ಮೇಲೆಯೂ ಸಹಿದಾರರು ಪುಸ್ತಕವನ್ನು ಮತ್ತೊಮ್ಮೆ ಮೊದಲ ಪುಟದಿಂದ ತಿರುವಿ ಹಾಕಿದರೆಂದು ಜವಾನ ಶ್ರೀ ಮೆಹಬೂಬ ವರದಿ ಮಾಡಿದ್ದಾರೆ. ಆದಾಗ್ಯೂ ಪ್ರಕಟವಾದ ಪಟ್ಟಿಯನ್ನು ಹಿಂಪಡೆಯಲು ನಮೂನೆ ಇಲ್ಲವೆಂಬ ಕಾರಣಕ್ಕೆ ಸೊನ್ನೆಯನ್ನು ಹಾಗೆಯೇ ಮುಂದುವರಿಸಲಾಯಿತು. ಇದು ಸಹಿದಾರರ ಹೇಡಿತನವಾಗಿತ್ತೇ ಹೊರತು ನಮೂನೆಯ ಕೊರತೆಯಲ್ಲ ಎಂದು ಈಗ ಸ್ಪಷ್ಟೀಕರಿಸಲಾಗಿದೆ.

6. ದಿನಾಂಕ 3-3-2008ರ ಪೂರ್ವಸಿದ್ಧತಾ ಪರೀಕ್ಷೆಗೆ ಎಲ್ಲರನ್ನೂ ಕೂರಿಸಲಾಗಿತ್ತು. ಅದರ ಐದನೇ ಪ್ರಶ್ನೆ: ‘ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಸರಕನ್ನು ಪಡೆಯುವುದು ಅನೀತಿ ಏಕೆ? ಸ್ಥಳೀಯ ಉದಾಹರಣೆಯೊಂದಿಗೆ ವಿವರಿಸಿ. (5 ಅಂಕ)’. ಪ್ರಶ್ನೆ ತೆಗೆದವರು, ಮಾದರಿ ಉತ್ತರ ಬರೆದವರು, ಮೌಲ್ಯಮಾಪನ ಮಾಡಿದವರು ಮೂವರೂ ಸಹಿದಾರರೇ. ಮೂವತ್ತೇಳು ಮಂದಿ ಗೈಡಿನಲ್ಲಿದ್ದ ಮುಂಬಯಿಯ ಎಣ್ಣೆ ಕಂಪನಿಯನ್ನು ಸ್ಥಳೀಯ ಉದಾಹರಣೆಯಾಗಿ ಬರೆದಿದ್ದರು. ಕು. ಕಾವ್ಯಾ ಬರೆದದ್ದು ಇಷ್ಟು:

‘ಫೆಬ್ರುವರಿ 21ರಂದು ನಾವು ಡಾಕಪ್ಪನವರನ್ನು ಕೇಳದೆ ಅವರ ಕಾಯಿ ತಂದೆವು. ಅದು ಈಗ ನಮ್ಮ ಸರ್ ಅವರ ಮನೆಯಲ್ಲಿದೆ. ಸರ್ ಒಳ್ಳೆಯವರು, ವಾಪಸ್ ಕೊಡುವುದನ್ನು ಮರೆತಿರಬಹುದು.’

ಮಾದರಿ ಉತ್ತರಕ್ಕೆ ಹೋಲಿಸಲಾಗಿ ಒಂದು ಅಂಕ ಕಡಿಯಲೂ ಆಸ್ಪದ ಸಿಗಲಿಲ್ಲ. ಐದಕ್ಕೆ ಐದು ನೀಡಲಾಗಿದೆ. ಮೌಲ್ಯಮಾಪನದ ವೇಳೆ ಸಹಿದಾರರ ಕಣ್ಣಲ್ಲಿ ನೀರು ಬಂದಿದ್ದು, ಕೈಗೆ ಮೆಣಸಿನಕಾಯಿ ಸೋಕಿದ್ದೇ ಕಾರಣವೆಂದು ದಾಖಲಿಸಲಾಗಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಅದಕ್ಕೆಲ್ಲ ಕಣ್ಣೀರು ಬರುವುದಿಲ್ಲ ಎಂದು ಶ್ರೀ ಮೆಹಬೂಬ ಅಭಿಪ್ರಾಯಪಟ್ಟಿದ್ದಾರೆ. ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

7. ಸಹಿದಾರರು ಸದರಿ ಪರೀಕ್ಷೆಯ ನಂತರದ ಗುರುವಾರ (6-3-2008) ಖುದ್ದಾಗಿ ಪೇಟೆಗೆ ತೆರಳಿ ಸಾಮಗ್ರಿಯನ್ನು ಮರಳಿಸಿರುತ್ತಾರೆ. ಮೂರು ಕಿಲೋ ಕಾಯಿಯ ರೂಪದಲ್ಲಿಯೂ, ಉಳಿದದ್ದು ಮನೆಯವರ ಅತಿಯಾದ ಕಾರ್ಯದಕ್ಷತೆಯಿಂದಾಗಿ ಖಾರಪುಡಿಯ ರೂಪದಲ್ಲಿಯೂ ಇತ್ತು. ಶ್ರೀ ಡಾಕಪ್ಪ ಎರಡೂ ಚೀಲ ನೋಡಿ, “ಕೇಳಿದ್ರ ನಾನ ಕಟ್ಟಿ ಕೊಡ್ತಿದ್ದೆನಲ್ರೀ ಸರ. ಯಾಕ ಕೇಳಲಿಲ್ಲ?” ಎಂದರು. ಈ ಪ್ರಶ್ನೆಯನ್ನು ಹತ್ತು ಅಂಕಗಳಿಗೆ ಪ್ರಶ್ನೆಕೋಶಕ್ಕೆ ಸೇರಿಸಲಾಗಿದೆ.

8. ಆದ್ದರಿಂದ, ಮೂವತ್ತೇಳು ವಿದ್ಯಾರ್ಥಿಗಳು ಮಾರುಕಟ್ಟೆ ಭೇಟಿಯನ್ನು ಹೊಸದಾಗಿ ಮಾಡತಕ್ಕದ್ದು. ಹೊರಬರುವಾಗ ಪ್ರತಿಯೊಬ್ಬರೂ ಅಂಗಿ, ಓಢಣಿ, ಜೇಬುಗಳನ್ನು ರಾಶಿಯ ಮೇಲೆ ಝಾಡಿಸತಕ್ಕದ್ದು. ಝಾಡಿಸುವುದು ಸರಿಯಾಗಿದೆಯೇ ಎಂದು ಪರಿಶೀಲಿಸಲು ಶ್ರೀಮತಿ ಕರೆವ್ವ ಇವರನ್ನು ಬಾಹ್ಯ ಪರೀಕ್ಷಕರನ್ನಾಗಿ ಈ ಮೂಲಕ ನೇಮಿಸಲಾಗಿದೆ. ಅವರು “ಮತ್ತೊಮ್ಮೆ ಝಾಡಸ್ರಿ” ಎಂದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

9. ಸಹಿದಾರರೂ ಅದೇ ದಿನ, ಸರದಿಯಲ್ಲಿ ಕೊನೆಯವರಾಗಿ ನಿಂತು ಝಾಡಿಸತಕ್ಕದ್ದು.

10. ಕು. ಕಾವ್ಯಾ ಅವರ ಸೊನ್ನೆಯನ್ನು ರದ್ದುಪಡಿಸಿ ಇಪ್ಪತ್ತಕ್ಕೆ ಇಪ್ಪತ್ತು ನೀಡಲಾಗಿದೆ. ನಮೂನೆಯನ್ನು ಸಹಿದಾರರು ಬಿಳಿ ಹಾಳೆಯ ಮೇಲೆ ಕೈಯಿಂದ ಗೆರೆ ಎಳೆದು ತಯಾರಿಸಿದ್ದಾರೆ. ಐದು ನಿಮಿಷ ಹಿಡಿಯಿತು.

ಸಹಿ/-
(ನಿಜಲಿಂಗಪ್ಪ)
ವ್ಯವಹಾರ ನೀತಿ ಉಪನ್ಯಾಸಕರು ಹಾಗೂ ಪ್ರಭಾರ ಸಂಯೋಜಕರು

ಪ್ರತಿಗಳು:
1. ಹಾವೇರಿ ಹಾಗೂ ರಾಣೆಬೆನ್ನೂರಿನ ಕೇಂದ್ರಗಳಿಗೆ, ನಗದೆ ಓದಿಕೊಳ್ಳಲು.
2. ಜೀವಶಾಸ್ತ್ರ ವಿಭಾಗಕ್ಕೆ, ಕಂಡಿಕೆ 2ರ ಬಗ್ಗೆ ಎರಡನೇ ಜ್ಞಾಪನ.
3. ಶ್ರೀ ಡಾಕಪ್ಪ, ಅಗಡಿ, ಇವರಿಗೆ. ಅವರ ಪ್ರಶ್ನೆಯ ಉತ್ತರಕ್ಕೆ ಕಾಲಾವಕಾಶ ಕೋರಿ.
4. ಶ್ರೀಮತಿ ಶೈಲಶ್ರೀ, ಸಹಿದಾರರ ಮನೆ, ಇವರಿಗೆ. ಮನೆಗೆ ಬಂದ ಯಾವುದೇ ಸಾಮಗ್ರಿಯನ್ನು ಇನ್ನು ಮುಂದೆ ಎಲ್ಲಿಂದ ಬಂತೆಂದು ಕೇಳಿಯೇ ಗಿರಣಿಗೆ ಕಳಿಸಲು.
5. ಶ್ರೀ ಮೆಹಬೂಬ ಇವರಿಗೆ. ಅನರ್ಹರ ಪಟ್ಟಿಯನ್ನು ಫಲಕದಿಂದ ಹರಿದುಹಾಕಲು. ಈಗಾಗಲೇ ಹರಿದಿದ್ದಾರೆಂದು ತಿಳಿದುಬಂದಿದೆ.
6. ಶ್ರೀಮತಿ ಕರೆವ್ವ, ಬಾಹ್ಯ ಪರೀಕ್ಷಕರು, ಇವರಿಗೆ. ಸಹಿದಾರರೇ ಬಂದು ಓದಿ ಹೇಳಲಿದ್ದಾರೆ.
7. ಕುಮಾರಿ ಕಾವ್ಯಾ, ಮೋಟೆಬೆನ್ನೂರು, ಇವರಿಗೆ. ಪ್ರವೇಶಪತ್ರ ಲಗತ್ತಿಸಿದೆ. ಸಹಿ ಮಾಡುವ ಮುನ್ನ ಸೋಪು ಹಚ್ಚಿ ಎರಡು ಸಲ ಕೈ ತೊಳೆಯಲಾಗಿತ್ತು. ಆದರೂ ಕಣ್ಣಲ್ಲಿ ನೀರು ಬಂದದ್ದನ್ನು ಕಡತದಲ್ಲಿ ನಮೂದಿಸತಕ್ಕದ್ದಲ್ಲ.