ಮೂಗಿನ ಅಳತೆಗೆ ಹಲ್ಲು

ನಾನು ಹಲ್ಲಿನ ವೈದ್ಯೆ. ಕೆಲಸವೆಲ್ಲ ಬಾಯೊಳಗೆ, ಆದರೆ ಪೇಚಿಗೆ ಸಿಕ್ಕಿಕೊಂಡದ್ದೆಲ್ಲ ಜನರ ಮೂಗಿನಿಂದ. ಹಲ್ಲೆಲ್ಲ ಉದುರಿದವರಿಗೆ ಕಟ್ಟುಹಲ್ಲಿನ ಸೆಟ್ ಮಾಡುವಾಗ ಮುಂದಿನ ಹಲ್ಲು ಎಷ್ಟು ಅಗಲವಿತ್ತೆಂದು ಹೇಳುವವರು ಯಾರು? ಮೂಗಿನ ಅಗಲ, ಕಣ್ಣುಗಳ ನಡುವಿನ ಅಂತರ ಅಳೆದು ಅಂದಾಜು ಮಾಡುತ್ತೇವೆ. ಅಂದಾಜು ಎಂದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ.

೧. ಮೇಸ್ತ್ರಿಯ ಪ್ರಶ್ನೆ

ಮಣಿಪಾಲದಲ್ಲಿ ಓದುವಾಗ ಈ ಅಳತೆಯೇ ನನ್ನ ಪ್ರಬಂಧದ ವಿಷಯ. ಹಲ್ಲು ಗಟ್ಟಿಯಿರುವವರ ಮುಖ ಅಳೆದು, ಲೆಕ್ಕ ಹಲ್ಲಿಗೆ ಹೊಂದುತ್ತದೋ ನೋಡಬೇಕಿತ್ತು. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದ ಗದಗದ ಕಡೆಯ ಮೇಸ್ತ್ರಿಯೊಬ್ಬರು ಒಪ್ಪಿ ಕುಳಿತರು. ನಾನು ಅಳೆದು ಬರೆದುಕೊಂಡದ್ದನ್ನೆಲ್ಲ ನೋಡಿ ಕೇಳಿದರು:

“ಮೂಗು ಅಳದು ಹಲ್ಲು ಹೇಳ್ತೀರೇನ್ರಿ ಮೇಡಂ? ನಾವು ಕಿಟಕಿ ಅಳದು ಬಾಗಿಲಾ ಮಾಡಂಗಿಲ್ಲರಿ.”

ನನ್ನ ಗೈಡ್ ಆರು ತಿಂಗಳಿಂದ ಕೇಳುತ್ತಿದ್ದದ್ದೂ ಇದನ್ನೇ. ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಹಾಗಾಗಿ ತಪ್ಪಿಸಿಕೊಳ್ಳಲು ದಾರಿಯಿತ್ತು.

೨. ಕಾರ್ಕಳದ ಹುಡುಗ

ಅದೇ ದಿನಗಳಲ್ಲಿ ಕಾರ್ಕಳದಿಂದ ಒಬ್ಬ ಹುಡುಗ ಹೆಣ್ಣು ನೋಡಲು ನಮ್ಮ ಮನೆಗೆ ಬಂದ. ಎರಡು ದಿನದ ಮೇಲೆ ಅವನ ತಾಯಿಯ ಫೋನು: “ಹುಡುಗಿ ನನ್ನ ಮಗನ ಮೂಗನ್ನೇ ನೋಡುತ್ತಿದ್ದಳಂತೆ. ಅವನ ಮೂಗಿಗೆ ಎಂತ ಆಗಿದೆ?”

ನಾನೇ ಫೋನ್ ತೆಗೆದುಕೊಂಡು ನಿಜ ಹೇಳಿದೆ. “ಮೂಗಿಗೆ ಎಂತದೂ ಆಗಿಲ್ಲ. ಅವರು ಒಮ್ಮೆಯೂ ನಗಲಿಲ್ಲ, ಅದಕ್ಕೆ ಮೂಗು ನೋಡಿ ಹಲ್ಲು ಅಂದಾಜು ಮಾಡುತ್ತಿದ್ದೆ.”

ಮುಂದಿನ ಭೇಟಿಗೆ ಹುಡುಗ ಬಾಗಿಲಿನಿಂದಲೇ ನಗುತ್ತ ಬಂದ. ನನ್ನ ಅಂದಾಜು ತಪ್ಪಿತ್ತು. ಹುಡುಗ ಸರಿಯಾಗಿದ್ದ, ಮದುವೆಯಾದೆ.

೩. ತಮ್ಮನ ಹಲ್ಲು

ಈಗ ಕಾಪುವಿನಲ್ಲಿ ನನ್ನ ಕ್ಲಿನಿಕ್. ಹೆಜಮಾಡಿಯಿಂದ ಮೀನು ಮಾರುವ ಅಮ್ಮನೊಬ್ಬರು ಮಗಳ ಜೊತೆ ಬಂದರು. ಬಾಯಲ್ಲಿ ಒಂದೂ ಹಲ್ಲಿಲ್ಲ. ತಿಂಗಳೊಳಗೆ ಮಗಳ ಮದುವೆ.

“ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಾನು ಮಂಟಪದಲ್ಲಿ ನಿಲ್ಲುವುದಿಲ್ಲ ಡಾಕ್ಟ್ರೇ. ಮೊದಲು ಹೇಗಿದ್ದೆನೋ ಹಾಗೆಯೇ ಮಾಡಿ ಕೊಡಿ.”

ಮೂಗು ಅಳೆದು, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡಿದೆ. ಮಗಳ ಮುಖ ಸಣ್ಣದಾಯಿತು. “ಅಮ್ಮನ ಹಲ್ಲು ದೊಡ್ಡದಿತ್ತು. ಇದು ಬೇರೆ ಯಾರೋ.” ಹಳೆಯ ಫೋಟೋ ತರಿಸಿದೆ. ಎಲ್ಲದರಲ್ಲೂ ಅಮ್ಮ ಬಾಯಿ ಬಿಗಿದು ನಿಂತಿದ್ದರು.

“ಅಮ್ಮನ ತಮ್ಮನದ್ದು ಇಂಥದ್ದೇ ಮೂಗು, ಇಂಥದ್ದೇ ಹಲ್ಲು,” ಎಂದಳು ಮಗಳು. “ಆದರೆ ಇಬ್ಬರಿಗೂ ಎಂಟು ವರ್ಷದಿಂದ ಮಾತಿಲ್ಲ. ಮದುವೆಗೂ ಕರೆದಿಲ್ಲ.”

ಆದರೂ ಅವಳೇ ಹೋಗಿ ಮಾವನನ್ನು ಕರೆತಂದಳು. ಅಮ್ಮ ಎದುರಿನ ಬೆಂಚಿನಲ್ಲಿ ಮುಖ ತಿರುಗಿಸಿ ಕುಳಿತರು. ನಗುವಾಗ ಹಲ್ಲು ಎಷ್ಟು ಕಾಣುತ್ತದೆಂದು ನಾನು ನೋಡಬೇಕಿತ್ತು. “ಸ್ವಲ್ಪ ನಗಿ,” ಎಂದೆ.

“ಇವಳ ಎದುರು ನಾನು ನಗಬೇಕಾ?”

“ನಗುವುದು ಬೇಡ. ನಗುವವರು ಬೇಕಾದಷ್ಟು ಜನ ಇದ್ದಾರೆ,” ಎಂದು ಅಮ್ಮ ಗದರಿದರು. ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು. ತಮ್ಮ ತಡೆಯಲಾರದೆ ಫಕ್ಕನೆ ನಕ್ಕರು. ಅಮ್ಮನಿಗೂ ನಗು ಬಂತು. ಆ ಸಂದಿನಲ್ಲಿ ನಾನು ಅಳತೆ ಹಿಡಿದೆ. ತಮ್ಮನ ಹಲ್ಲು ನನ್ನ ಲೆಕ್ಕಕ್ಕಿಂತ ಒಂದು ಮಿಲಿಮೀಟರ್ ದೊಡ್ಡದಿತ್ತು.

ಮದುವೆಗೆ ಮೂರು ದಿನ ಇರುವಾಗ ಹೊಸ ಸೆಟ್ ಹಾಕಿಸಿದೆ. “ಅಮ್ಮ ಬಂದರು,” ಎಂದು ಮಗಳು ಅತ್ತಳು. ಬಾಗಿಲಲ್ಲಿ ನಿಂತಿದ್ದ ತಮ್ಮ ಮಾತ್ರ ಹೇಳಿದರು: “ಅಕ್ಕ, ಹಲ್ಲು ನನ್ನದು. ಮದುವೆಯಲ್ಲಿ ಯಾರಿಗೂ ಬೈಯಬೇಡ.”

ಅಕ್ಕ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು: “ಹಲ್ಲು ನಿನ್ನದೇ ಇರಲಿ ಮಾರಾಯ. ನಾಲಗೆ ನನ್ನದೇ ಉಂಟು.”