ನಾನು ಎತ್ತರ ಮಾಡಿದ ಜೀಪು

ಗಣಿತ ಕಲಿಸುವವನಿಗೆ ಆಘಾತವಾಗುವ ಸಂದರ್ಭಗಳು ಕಡಿಮೆ. ಇಪ್ಪತ್ತೆರಡು ವರ್ಷಗಳಿಂದ ತೆಲಂಗಾಣದ ಮಕ್ತಲ್‌ನ ಕನ್ನಡ ಶಾಲೆಯಲ್ಲಿ ಹಲಗೆಯ ಮೇಲೆ ತ್ರಿಕೋನ ಬರೆಯುತ್ತಿದ್ದೇನೆ. ಒಂದು ವರ್ಷವಾದರೂ ಅದರ ಮೂರು ಕೋನಗಳು ಕೂಡಿ ನೂರಾ ಎಂಬತ್ತೊಂದು ಆಗಿದ್ದಿಲ್ಲ. ಮನೆಯಲ್ಲೂ ಹಾಗೆಯೇ ಎಂದುಕೊಂಡಿದ್ದೆ. ನನ್ನ ಹೆಂಡತಿ ಸುವರ್ಣಾ ಯಾವ ಮಾತಿಗೆ ಏನು ಉತ್ತರ ಕೊಡುತ್ತಾಳೆ, ಯಾವ ಮಾತಿಗೆ ಉತ್ತರವನ್ನೇ ಕೊಡದೆ ಒಳಗೆ ಹೋಗುತ್ತಾಳೆ ಎಂಬುದು ನನಗೆ ಬಾಯಿಪಾಠವಾಗಿದೆ ಎಂದು ನಂಬಿದ್ದೆ. ಕಳೆದ ಒಂದು ವರ್ಷದಲ್ಲಿ ನನಗೆ ಬಿದ್ದ ಹೊಡೆತಗಳು ಒಂದೆರಡಲ್ಲ. ಅವುಗಳಲ್ಲಿ ಕರೆಂಟಿನದು ಒಂದೇ ಒಂದು.

ಎಲ್ಲಕ್ಕೂ ಮೂಲ ನನ್ನ ಫೋನು. ಅದರಲ್ಲಿ ಗಡ್ಡದ ಮನುಷ್ಯನೊಬ್ಬ ತುಕ್ಕು ಹಿಡಿದ ಜೀಪನ್ನು ತಂದು, ಕತ್ತರಿಸಿ, ಕೂಡಿಸಿ, ಎತ್ತರ ಮಾಡಿ, ದೊಡ್ಡ ಗಾಲಿ ಹಾಕಿ, ಕೊನೆಗೆ ಕಲ್ಲುಗುಡ್ಡವನ್ನು ಹತ್ತಿಸಿಬಿಡುತ್ತಿದ್ದ. ಎಲ್ಲಾ ಸೇರಿ ಹದಿನೈದು ನಿಮಿಷ. ಅವನಿಗೆ ಹದಿನೈದು ನಿಮಿಷ ಸಾಕಾದರೆ ನನ್ನ ಹತ್ತಿರ ಇಡೀ ಬೇಸಿಗೆ ರಜೆ ಇದೆಯಲ್ಲ ಎಂದು ಲೆಕ್ಕ ಹಾಕಿದೆ. ಗಣಿತದ ಮಾಸ್ತರನೊಬ್ಬ ಹಾಕಿದ ಅತ್ಯಂತ ಕೆಟ್ಟ ಲೆಕ್ಕ ಅದು.

ನಾರ್ವದ ರೈತರೊಬ್ಬರ ಕಣದಲ್ಲಿ ಹಳೆಯ ಜೀಪೊಂದು ನಿಂತಿತ್ತು. ಹಿಂದಿನ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ರೈತರು ಕೋಳಿಯನ್ನೂ ಮೊಟ್ಟೆಗಳನ್ನೂ ಜೋಪಾನವಾಗಿ ಇಳಿಸಿಕೊಂಡು, ಜೀಪನ್ನು ಯಾವ ಜೋಪಾನವೂ ಇಲ್ಲದೆ ನನಗೆ ಒಪ್ಪಿಸಿದರು. ಅದರಿಂದಲೇ ನಾನು ತಿಳಿದುಕೊಳ್ಳಬೇಕಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಾಗ ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ ಇದು?"

"ಜೀಪು."

"ಜೀಪು ಅಂತ ನನಗೂ ಕಾಣಾಕ ಹತ್ತೈತಿ. ನಮ್ಮ ಮನೀಗ್ಯಾಕ ಬಂತು ಅಂತ ಕೇಳೀನಿ."

"ಇದನ್ನ ನಾನ ರೆಡಿ ಮಾಡಾಂವ. ಎಮ್ಮಿ ಕೊಟ್ಟಿಗಿ ಖಾಲಿ ಐತೆಲ್ಲ, ಅಲ್ಲೇ ಗ್ಯಾರೇಜ್ ಮಾಡ್ತೀನಿ."

ಅವಳು ಉತ್ತರ ಕೊಡದೆ ಒಳಗೆ ಹೋದಳು. ಅದನ್ನು ಒಪ್ಪಿಗೆ ಎಂದೇ ನಾನು ಓದಿಕೊಂಡೆ.

ಕೊಟ್ಟಿಗೆಯಲ್ಲಿದ್ದ ಕಟ್ಟಿಗೆ, ಜೋಳದ ಚೀಲಗಳು ಅಡುಗೆಮನೆಯ ಪಕ್ಕಕ್ಕೆ ಬಂದವು. ವೆಲ್ಡಿಂಗ್ ಮಷಿನ್, ಗ್ರೈಂಡರ್, ಕಬ್ಬಿಣ ಹಿಡಿಯುವ ಬಾಂಕು, ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಮುಖವಾಡ ಕೊಟ್ಟಿಗೆಗೆ ಹೋದವು. ಮೊದಲ ದಿನ ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ, ಮಷಿನ್ನಿನ ಗುಂಡಿ ಒತ್ತಿದೆ. ಡಬ್ ಎಂದು ಸದ್ದಾಯಿತು. ಇಡೀ ಓಣಿಯಲ್ಲಿ "ಕರೆಂಟು ಪೋಯಿಂದಿ!" ಎಂದು, ಕರೆಂಟು ಹೋಯಿತೆಂಬ ತೆಲುಗು ಕೂಗು ಎದ್ದಿತು. ಅರ್ಧ ರುಬ್ಬಿದ ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ಇಬ್ಬರು ಹೆಣ್ಣುಮಕ್ಕಳು ನಮ್ಮ ಮನೆಗೆ ಬಂದು ನನ್ನನ್ನೂ ಆ ಊದುಬತ್ತಿಯನ್ನೂ ನೋಡಿದರು. ಲೈನ್‌ಮನ್ ಬಂದು ಬೇರೆ ತಂತಿ ಎಳೆದುಕೊಟ್ಟು ಹೋಗುವವರೆಗೆ ನಾನು ಓಣಿಯಲ್ಲಿ ತಲೆ ಎತ್ತಲಿಲ್ಲ. ತಂತಿ ಎಳೆದ ಮಾರನೆಯ ದಿನ ಒದ್ದೆ ಕಾಲಲ್ಲಿ ನಿಂತು ಮಷಿನ್ ಮುಟ್ಟಿ, ಕರೆಂಟಿನದೆಂದು ಹೇಳಿದೆನಲ್ಲ, ಆ ಹೊಡೆತವನ್ನೂ ತಿಂದೆ.

ಆಮೇಲೆ ವೆಲ್ಡಿಂಗ್. ಗಡ್ಡದವನ ಕೈಯಲ್ಲಿ ರಾಡು ಬೆಣ್ಣೆಯ ಮೇಲೆ ಚಮಚದಂತೆ ಜಾರುತ್ತಿತ್ತು. ನನ್ನ ಕೈಯಲ್ಲಿ ಅದು ಕಬ್ಬಿಣಕ್ಕೆ ಅಂಟಿಕೊಂಡು, ಎಷ್ಟು ಜಗ್ಗಿದರೂ ಬಿಡದೆ, ಕಾಲಿನಿಂದ ಒದ್ದರೆ ಮಾತ್ರ ಬರುತ್ತಿತ್ತು. ಸರಿಯಾಗಿ ಕಾಣುತ್ತಿಲ್ಲವೆಂದು ಒಮ್ಮೆ ಮುಖವಾಡ ತೆಗೆದೇ ನೋಡಿದೆ. ಸಂಜೆಗೆ ಎರಡೂ ಕಣ್ಣಲ್ಲಿ ಖಾರದಪುಡಿ ಎರಚಿದಂತಾಗಿ, ಮೂರು ದಿನ ಕಪ್ಪು ಕನ್ನಡಕ ಹಾಕಿಕೊಂಡೇ ತಿರುಗಾಡಿದೆ. ಸುವರ್ಣಾ ಕಣ್ಣಿಗೆ ಸೌತೆಕಾಯಿ ಹೋಳು ಇಡುತ್ತಾ, "ಆ ರಾಡು ಅಷ್ಟು ದೂರ ಹಿಡೀಬಾರದ್ರೀ" ಎಂದಳು. ಕಣ್ಣು ಮುಚ್ಚಿಕೊಂಡಿದ್ದ ನಾನು ಕಿವಿಯನ್ನೂ ಮುಚ್ಚಿಕೊಂಡಿದ್ದೆನೆಂದು ಕಾಣುತ್ತದೆ.

ರಜೆ ಮುಗಿದು ಶಾಲೆ ಸುರುವಾಯಿತು. ಜೀಪಿನ ಕೆಲಸ ಸಂಜೆಗಳಿಗೆ ಬಂತು. ಜೀಪನ್ನು ಎತ್ತರ ಮಾಡುವುದೆಂದರೆ, ಅದರ ಭಾರ ಹೊರುವ ಕಮಾನು ಪಟ್ಟಿಗಳಿಗೆ ಮೊದಲಿಗಿಂತ ಉದ್ದನೆಯ ಕೊಂಡಿಗಳನ್ನು ಮಾಡಿ ಕೂಡಿಸಬೇಕು. ಆ ಕೊಂಡಿ ಓಡುವಾಗ ಮುರಿದರೆ ಗಾಲಿ ತಿರುಚಿಕೊಂಡು ಜೀಪು ತನಗೆ ಬೇಕಾದ ಕಡೆ ಹೋಗುತ್ತದೆ. ನಾಲ್ಕು ಮೂಲೆಗೂ ಕೊಂಡಿ ಕೂಡಿಸಿದೆ. ಬೆಸುಗೆ ಥೇಟ್ ಕಾಗೆ ಹಿಕ್ಕೆಯ ಹಾಗೆ ಕಾಣುತ್ತಿತ್ತು. ಗ್ರೈಂಡರ್ ಹೊಡೆದು ಕಪ್ಪು ಬಣ್ಣ ಬಳಿದೆ. ಕೊನೆಯಲ್ಲಿ ದಪ್ಪ ಪೈಪಿನ ಒಂದು ಬಂಪರ್ ಮಾಡಿ ಮುಂದೆ ಹಚ್ಚಿದೆ. ಮೀಸೆ ಬಂದ ಹುಡುಗನಂತೆ ಜೀಪಿಗೆ ಗತ್ತು ಬಂತು.

ನಾರಾಯಣಪೇಟೆ ರಸ್ತೆಯಲ್ಲಿ ಅಂಗಡಿ ಇಟ್ಟಿರುವ, ಜೀಪಿನ ಎಂಜಿನ್ ರಿಪೇರಿ ಮಾಡಿಕೊಟ್ಟಿದ್ದ ಮೆಕ್ಯಾನಿಕ್ ಖಾಸಿಂನನ್ನು ಪರೀಕ್ಷೆಗೆ ಕರೆದೆ. ಅವನು ಜೀಪಿನ ಕೆಳಗೆ ತೂರಿ, ಸ್ಪ್ಯಾನರಿನಿಂದ ಅಲ್ಲಲ್ಲಿ ಬಡಿದು ನೋಡಿ, ಹೊರಗೆ ಬಂದು ನನ್ನ ಮುಖ ನೋಡಿದ.

"ಅರೆ ಸಾರ್, ಕೆಳಗಿನ ಟಾಕಾ ಯಾರು ಹಾಕ್ಯಾರ್ರೀ? ಏಕ್ ನಂಬರ್ ಐತಿ. ನನ್ನ ಅಂಗಡ್ಯಾಗ ಹಿಂಗ ಹಾಕಾವ್ರು ಒಬ್ರೂ ಇಲ್ಲ."

ಟಾಕಾ ಎಂದರೆ ಬೆಸುಗೆ. ನನಗೆ ಗಾಬರಿಯೇ ಆಯಿತು. ಕಾಗೆ ಹಿಕ್ಕೆ ನನಗೆ ಚೆನ್ನಾಗಿ ನೆನಪಿತ್ತು. ಆದರೆ ಹೊಗಳಿಕೆ ಬಾಗಿಲಿಗೆ ಬಂದಾಗ ವಿಳಾಸ ಕೇಳುವ ಅಭ್ಯಾಸ ನನಗಿಲ್ಲ. ಗ್ರೈಂಡರ್ ಹೊಡೆದು ಬಣ್ಣ ಬಳಿದದ್ದಕ್ಕೆ ಹಾಗೆ ಕಾಣುತ್ತಿರಬೇಕು ಎಂದುಕೊಂಡು, "ನಾನ" ಎಂದೆ.

"ಮತ್ತ ಈ ಬಂಪರ್ ಯಾಕ ಹಿಂಗೈತ್ರೀ?"

"ಅದು ಮೊದಮೊದಲ ಮಾಡಿದ್ದು, ಆಗ ಕೈ ಕುಂತಿರ್ಲಿಲ್ಲ" ಎಂದೆ. ಬಂಪರ್ ಹಚ್ಚಿ ಎರಡು ದಿನವಾಗಿತ್ತು.

ಮುಂದಿನ ಭಾನುವಾರ ಜೀಪನ್ನು ಜುರಾಲಾ ಅಣೆಕಟ್ಟಿನ ಮೇಲಿಂದ ಗದ್ವಾಲಕ್ಕೆ ಓಡಿಸಿದೆ. ಅಲ್ಲಿ ನನ್ನ ಮಾವ ವೀರಭದ್ರಪ್ಪನವರು ಐವತ್ತು ವರ್ಷಗಳಿಂದ ಸೀರೆ ನೇಯುತ್ತಿದ್ದಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆ ಎಳೆಯಾಗಿ ಕೂಡಿಸುವ ಕೆಲಸ. ಮದುವೆಯಾಗುವ ತನಕ ಸುವರ್ಣಾಳೂ ಅವರ ಪಕ್ಕದಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು. ಮಾವನವರಿಗೆ ಕೆ.ಟಿ. ದೊಡ್ಡಿಯ ಕಡೆಯ ಬೀಗರನ್ನು ನೋಡಿಬರುವುದಿತ್ತು. ಬಸ್ಸು ಬೇಡ, ನಾನೇ ಕರೆದೊಯ್ಯುತ್ತೇನೆ ಎಂದೆ. ದೊಡ್ಡ ರಸ್ತೆ ಬಿಟ್ಟು ಹೊಲದ ದಾರಿಗೂ ಇಳಿಸಿದೆ. ಎಂಥ ದಾರಿಯಲ್ಲಾದರೂ ಹೋಗುತ್ತದೆ ಎಂದು ತೋರಿಸಬೇಕಿತ್ತಲ್ಲ.

ಇಳಿಜಾರಿನಲ್ಲಿ ಒಂದು ಕಲ್ಲಿನ ಮೇಲೆ ಜೀಪು ಹಾರಿಸಿದೆ. ಮುಂದೆ ಕಟ್ ಎಂದಿತು. ನೋಡುವಷ್ಟರಲ್ಲಿ ನನ್ನ ಬಂಪರ್ ಒಂದು ಕಡೆ ಕಳಚಿ, ನೆಲ ಉಜ್ಜುತ್ತಾ ಬಂದು, ಪೂರ್ತಿ ಬಿದ್ದು ಗಾಲಿಗೆ ಅಡ್ಡವಾಯಿತು. ನನ್ನ ಜೀಪು ನನ್ನದೇ ಬಂಪರಿನ ಮೇಲೆ ಹತ್ತಿ ಹಾರಿತು. ಎಡಗಡೆಯ ಮುಂದಿನ ಗಾಲಿಯೊಂದರ ಮೇಲೆಯೇ ಧಡ್ ಎಂದು ಕೂತು, ದಾರಿ ಬಿಟ್ಟು, ತೊಗರಿ ಸಾಲುಗಳಲ್ಲಿ ನುಗ್ಗಿತು. ಮುಂದೆ ಕಟ್ಟೆಯೇ ಇಲ್ಲದ ದೊಡ್ಡ ಬಾವಿ ಬಾಯಿ ತೆರೆದುಕೊಂಡಿತ್ತು. ಕೊಂಡಿ ಹೋಯಿತು, ನಾವೂ ಹೋದೆವು ಎಂದುಕೊಂಡು ಬ್ರೇಕಿನ ಮೇಲೆ ನಿಂತೇಬಿಟ್ಟೆ. ಕೊಂಡಿ ಹೋಗಿರಲಿಲ್ಲ. ತಿರುಗಿಸಿದ ಕಡೆ ಗಾಲಿ ತಿರುಗಿತು. ಬಾವಿಗೆ ನಾಲ್ಕು ಮಾರು ಈಚೆ ಜೀಪು ನಿಂತಿತು. ನನ್ನ ಕೈಗಳು ಸ್ಟೀರಿಂಗ್ ಬಿಡಲು ಒಪ್ಪಲಿಲ್ಲ. ಪಕ್ಕದಲ್ಲಿ ಮಾವನವರು ಬಾವಿಯನ್ನೊಮ್ಮೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು:

"ಅಳಿಯಾರ, ಊರು ಬಂತೇನ್ರಿ?"

ನೀರು ಕುಡಿದು, ಸ್ವಲ್ಪ ಹೊತ್ತು ಕೂತ ಮೇಲೆ ಅವರು ಹೆಗಲ ಮೇಲಿನ ವಲ್ಲಿಯನ್ನು ನೆಲದ ಮೇಲೆ ಹಾಸಿ, ಜೀಪಿನ ಕೆಳಗೆ ತಲೆ ಹಾಕಿ ಮಲಗಿದರು. ಜೀವ ಉಳಿಸಿದ್ದು ಯಾವುದೆಂದು ಅವರಿಗೆ ನೋಡಬೇಕಿತ್ತು. ನಾನೂ ಪಕ್ಕದಲ್ಲಿ ಮಲಗಿ ಕೊಂಡಿಯನ್ನು ತೋರಿಸಿದೆ. ಅವರು ಬೆಸುಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಒಂದರ ಪಕ್ಕ ಒಂದು, ಅಳತೆ ಮಾಡಿ ಇಟ್ಟಂಥ ಸಣ್ಣ ಸಣ್ಣ ಅಲೆಗಳು. ಬೆರಳು ತುದಿಗೆ ಬಂದು ನಿಂತಿತು.

"ಇದು ನಮ್ಮ ಸುವರ್ಣಾನ ಕೈ" ಎಂದರು.

"ಮಾವಾರ, ಇದು ಕಬ್ಬಿಣರೀ. ಸೀರಿ ಅಲ್ಲ."

"ಕಬ್ಬಿಣರ ಇರಲಿ, ರೇಶ್ಮಿರ ಇರಲಿ, ಕೈ ಬ್ಯಾರೆ ಆಗ್ತೈತೇನ್ರಿ? ಅಂಚು ಕೂಡಿಸಿ ಮುಗಿಸೋ ಮುಂದ ಹಿಂದಕ್ಕ ಒಂದು ಸಣ್ಣ ತಿರುವು ಕೊಡ್ತಿದ್ಲು. ಯಾರೂ ಹಂಗ ಮಾಡಂಗಿಲ್ಲ, ಬಿಡು ಅಂತ ಎಷ್ಟು ಬೈದ್ರೂ ಬಿಡ್ಲಿಲ್ಲ ಆಕಿ. ಇಲ್ಲಿ ನೋಡ್ರಿ. ಇಲ್ಲೂ ಹಂಗ ಐತಿ, ಅಲ್ಲೂ ಹಂಗ ಐತಿ."

ನಾಲ್ಕು ಕೊಂಡಿಗಳ ತುದಿಯಲ್ಲೂ ಆ ತಿರುವು ಇತ್ತು. ಬಾವಿಯನ್ನು ಕಂಡಾಗ ಆದದ್ದಕ್ಕಿಂತ ದೊಡ್ಡ ಹೊಡೆತ ನನಗೆ ಬಿದ್ದದ್ದು ಆ ತೊಗರಿ ಹೊಲದಲ್ಲಿ, ಅಂಗಾತ ಮಲಗಿದ್ದಾಗ.

ಮನೆಗೆ ಬಂದು, ಆದದ್ದೆಲ್ಲ ಹೇಳಿ, ಸುವರ್ಣಾಳನ್ನು ಕೇಳಿದೆ. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಹೂಂ, ನಾನ ಹಾಕೀನಿ. ನೀವು ಸಾಲಿಗೆ ಹೋದ ಮ್ಯಾಲ ನಿಮ್ಮ ಟಾಕಾ ಎಲ್ಲಾ ಕೆತ್ತಿ ತಗದು ಮತ್ತ ಹಾಕಿ, ಮ್ಯಾಲ ಬಣ್ಣಾನೂ ಬಳದೀನಿ. ಮೊದಲ ಹಳೀ ಮಂಚದ ಕಾಲಿಗೆ ಹಾಕಿ ಹಾಕಿ ಕಲ್ತೆ."

"ನಿನಗ ಯಾರು ಹೇಳಿಕೊಟ್ರು?"

"ನೀವು ನೋಡೋ ವಿಡಿಯೋನ ನಾನೂ ಬಾಜೂಕ ಕುಂತು ನೋಡ್ತಿದ್ದೆ. ನೀವು ಜೀಪು ನೋಡ್ತಿದ್ರಿ. ನಾ ಅಂವನ ಕೈ ನೋಡ್ತಿದ್ದೆ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ನೆಲ್ಲಾ, ರಾಡು ದೂರ ಹಿಡೀಬ್ಯಾಡ್ರೀ ಅಂತ. ಎಲ್ಲಿ ಕೇಳ್ತೀರಿ?"

ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಬಾರದಿತ್ತು, ಕೇಳಿದೆ. "ಎಲ್ಲಾ ಸರಿ ಮಾಡಿದಾಕಿ ಬಂಪರ್ ಒಂದ ಯಾಕ ಬಿಟ್ಟಿ?"

ಅವಳು ಮೊದಲ ಸಲ ತಲೆ ಎತ್ತಿದಳು. "ಉಳಿದದ್ದು ಮುರಿದ್ರ ಜೀವ ಹೋಗ್ತೈತ್ರೀ. ಬಂಪರ್ ಬಿದ್ರ ಮರ್ಯಾದಿ ಅಷ್ಟ ಹೋಗ್ತೈತಿ ಅಂತ ಬಿಟ್ಟೆ. ಅದು ಕಳಚಿ ಗಾಲಿಗೇ ಅಡ್ಡ ಬೀಳ್ತೈತಿ ಅಂತ ನನಗೂ ಹೊಳೀಲಿಲ್ಲ. ತಪ್ಪಾತು." ನಾನೂ ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸತೊಡಗಿದೆ.

ಖಾಸಿಂನಿಗೆ ನಿಜ ಹೇಳಿದೆ. ಅವನು ತನಗೆ ಬಂದ ನಾಜೂಕಿನ ಕೆಲಸಗಳನ್ನು ನಮ್ಮ ಮನೆಗೆ ಕಳಿಸತೊಡಗಿದ. ಈಗ ಕೊಟ್ಟಿಗೆಯ ಮುಂದೆ ಮುರಿದ ಕೂರಿಗೆ, ಕುಂಟೆ, ಟ್ರ್ಯಾಕ್ಟರಿನ ಬಿಡಿಭಾಗಗಳು ಸಾಲಾಗಿ ನಿಲ್ಲುತ್ತವೆ. ನನಗೆ ಗ್ರೈಂಡರ್ ಮುಟ್ಟಲು ಅನುಮತಿ ಇದೆ, ಅದೂ ಅವಳು ಎದುರಿಗಿದ್ದಾಗ ಮಾತ್ರ.

ಮೊನ್ನೆ ಗಟ್ಟುವಿನಿಂದ ರೈತರೊಬ್ಬರು ಮುರಿದ ಕುಂಟೆ ತಂದಿದ್ದರು. ಸುವರ್ಣಾ ಸಂತೆಗೆ ಹೋಗಿದ್ದಳು. "ಕೊಡ್ರಿ, ನಾನ ನೋಡ್ತೀನಿ" ಎಂದೆ. ಅವರು ಕುಂಟೆಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡು, "ಬ್ಯಾಡ್ರಿ ಸಾರ್, ಅಕ್ಕಾರು ಬರೋತನಕ ಕುಂದರ್ತೀನಿ" ಎಂದರು. ಕುರ್ಚಿ ಹಾಕಿ, ಚಹಾ ತಂದುಕೊಟ್ಟೆ. ಒಂದು ಗುಟುಕು ಕುಡಿದು ಅವರ ಮುಖ ಅರಳಿತು. "ಭಾರಿ ಐತ್ರೀ ಚಹಾ. ನೀವ ಮಾಡಿದ್ರೇನು?" ಎಂದು ಕೇಳಿದರು.

ಸುವರ್ಣಾ ಹೋಗುವ ಮುಂಚೆ ಮಾಡಿ ಫ್ಲಾಸ್ಕಿನಲ್ಲಿ ಹಾಕಿಟ್ಟಿದ್ದ ಚಹಾ ಅದು. ನಾನು ವಿನಯದಿಂದ ತಲೆ ಬಾಗಿಸಿ, "ಇನ್ನೊಂದು ಕಪ್ ಕೊಡ್ಲೇನ್ರಿ?" ಎಂದೆ.